ಆರನೆಯ ಕೊಳ ಮತ್ತು ‘ಆಗಲ್ಲ ಮೇಡಂ’

ಸಿಹಿನೀರಿನಲ್ಲಿ ಸಾಕುವ ಮೀನುಗಳು ಒಂದು ಹವೆಯಿಂದ ಇನ್ನೊಂದು ಹವೆಗೆ ಹೋದಾಗ ತಲೆಮಾರಿನಿಂದ ತಲೆಮಾರಿಗೆ ಹೇಗೆ ಬದಲಾಗುತ್ತವೆ, ಆ ಬದಲಾವಣೆ ರಕ್ತಗತವೋ ಬರಿಯ ರೂಢಿಯೋ ಎಂಬ ಪ್ರಶ್ನೆಯ ಬೆನ್ನು ಹತ್ತಿ ಮೂವತ್ತಮೂರು ವರ್ಷ ಬಿಡದೆ ದುಡಿದವರು ನಮ್ಮಲ್ಲಿ ಹೆಚ್ಚು ಜನರಿಲ್ಲ. ಆ ಕೆಲವರಲ್ಲಿ ಮೊದಲು ನೆನೆಯಬೇಕಾದವರು ನಮ್ಮ ಮೀನು ತಳಿ ಸಂಸ್ಥೆಯಿಂದ ಈಚೆಗೆ ನಿವೃತ್ತರಾದ ಹಿರಿಯ ವಿಜ್ಞಾನಿಯವರು. ಅವರ ಕೋಣೆಯ ಬಾಗಿಲಿನ ಫಲಕದಲ್ಲಿ ಹೆಸರಿನ ಹಿಂದೆ ಮುಂದೆ ಬೇಕಾದಷ್ಟು ಬಿರುದುಗಳಿದ್ದವು. ಆದರೆ ಗೇಟಿನ ಕಾವಲುಗಾರನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರೂ ಬೆನ್ನ ಹಿಂದೆ ಕರೆಯುತ್ತಿದ್ದುದು ‘ಆಗಲ್ಲ ಮೇಡಂ’ ಎಂದೇ. ಅದು ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ‘ಆಗಲ್ಲ’ ಎನ್ನುವುದನ್ನು ಒಂದು ದಿನವೂ ಕಡಿಮೆ ಮಾಡಲಿಲ್ಲ.

ಬೀಳ್ಕೊಡುಗೆಯ ದಿನವೇ ಹೊರಬರಬೇಕಿದ್ದ ಈ ಅಭಿನಂದನ ಸಂಪುಟ ಏಳು ತಿಂಗಳು ತಡವಾಗಿದೆ. ‘ವಿವಾದಗಳನ್ನು ಬದಿಗಿಟ್ಟು, ಸೌಜನ್ಯಪೂರ್ಣವಾಗಿ’ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಈ ಲೇಖಕಿಯನ್ನು ಎರಡು ಸಲ ಕೋರಿದ್ದಾರೆ. ಸೌಜನ್ಯಕ್ಕೇನೂ ಕೊರತೆಯಾಗದು. ವಿವಾದವನ್ನು ಬದಿಗಿಟ್ಟರೆ ಮಾತ್ರ ಮೇಡಂ ಅವರ ಸೇವಾವಧಿಯಲ್ಲಿ ಉಳಿಯುವುದು ಹಾಜರಿ ಪುಸ್ತಕವೊಂದೇ. ಮೊದಲು ಅವರ ಶಿಷ್ಯೆಯಾಗಿ, ಈಗ ನಾಲ್ಕು ವರ್ಷದಿಂದ ಬೆಟ್ಟದ ಕೇಂದ್ರದ ಉಸ್ತುವಾರಿಯಾಗಿ ಆ ವಿವಾದದ ನೀರಿನಲ್ಲೇ ನಿಂತಿರುವವಳಿಗೆ ದಡದಲ್ಲಿ ನಿಂತವರ ಹಾಗೆ ಬರೆಯಲು ಬರುವುದೂ ಇಲ್ಲ.

ಮೇಡಂ ಸಂಸ್ಥೆಗೆ ಸೇರಿದಾಗ ನಮಗಿದ್ದದ್ದು ಎರಡು ಕೇಂದ್ರಗಳು. ಬಯಲಿನ ಕೇಂದ್ರ ದೊಡ್ಡದು: ಕಚೇರಿ, ಪ್ರಯೋಗಾಲಯ, ಮೊಟ್ಟೆ ಮರಿ ಮಾಡಿಸುವ ತೊಟ್ಟಿಗಳು, ಬೇಸಿಗೆಯಲ್ಲಿ ಕೈಯಿಟ್ಟರೆ ಬೆಚ್ಚಗಿರುವ ನೀರು. ಬೆಟ್ಟದ ಮೇಲಿನದು ಚಿಕ್ಕದು: ತಗಡಿನ ಒಂದು ಶೆಡ್ಡು, ಅದರ ಮುಂದೆ ಐದು ಕೊಳ, ಚಳಿಗಾಲದಲ್ಲಿ ಅಂಚಿನ ಹುಲ್ಲು ಬೆಳ್ಳಗಾಗುವಷ್ಟು ಥಂಡಿ. ಸಾಕುತ್ತಿದ್ದುದು ಎರಡೂ ಕಡೆ ಒಂದೇ ಗೆಂಡೆ ಮೀನನ್ನು. ನಿಯಮವೂ ಸರಳವಾಗಿತ್ತು. ಪ್ರತಿ ವರ್ಷ ಚಳಿ ಕಳೆದೊಡನೆ ಬೆಟ್ಟದ ಕೊಳಗಳನ್ನು ಪೂರ್ತಿ ಬರಿದು ಮಾಡಬೇಕು, ಉಳಿದ ಮೀನನ್ನೆಲ್ಲ ತೆಗೆಯಬೇಕು, ಬಯಲಿನಿಂದ ಲಾರಿಯಲ್ಲಿ ಬಂದ ಹೊಸ ಮರಿಗಳನ್ನು ಬಿಡಬೇಕು. ಬೆಟ್ಟದ ಕೇಂದ್ರವನ್ನು ವರ್ಷಕ್ಕೆ ಎರಡು ಸಲ ತಪಾಸಣೆ ಮಾಡುವ ಕೆಲಸ, ಯಾರಿಗೂ ಬೇಡವಾಗಿದ್ದರಿಂದ, ಹೊಸದಾಗಿ ಬಂದ ಮೇಡಂ ಅವರ ಕೊರಳಿಗೆ ಬಿತ್ತು.

ಅಲ್ಲಿ ಕೊಳಗಳನ್ನು ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಕೊಳದಣ್ಣ ಎನ್ನುತ್ತಿದ್ದರು. ಮೇಡಂ ಅವರಿಗಿಂತ ಬಹಳ ಮುಂಚೆಯೇ ಸೇರಿದವರು. ಮಾತು ಕಡಿಮೆ. ನೀರಿಗೆ ಕೈಯಿಟ್ಟು ಡಿಗ್ರಿ ಹೇಳಿದರೆ ಥರ್ಮಾಮೀಟರು ಅವರ ಮಾತಿಗೆ ಹೂಂಗುಟ್ಟುತ್ತಿತ್ತು. ಮೇಡಂ ಹೋದಾಗಲೆಲ್ಲ ಐದು ಕೊಳದ ಸುತ್ತ ನಡೆದು, ರಿಜಿಸ್ಟರಿನಲ್ಲಿ ‘ಮರಿ ಬಂತು, ಬಿಟ್ಟಾಯಿತು’ ಎಂಬ ಕೊಳದಣ್ಣನವರ ಗುಂಡು ಅಕ್ಷರಗಳ ಕೆಳಗೆ ಸಹಿ ಹಾಕಿ, ಶೆಡ್ಡಿನಲ್ಲಿ ಟೀ ಕುಡಿದು ಇಳಿದು ಬರುತ್ತಿದ್ದರು.

ಬೆಟ್ಟದ ಗೆಂಡೆಗಳು ಬಯಲಿನವಕ್ಕಿಂತ ಚಳಿ ತಾಳುತ್ತವೆ ಎಂಬುದು ಬೇಗನೆ ಅವರ ಕಣ್ಣಿಗೆ ಬಿತ್ತು. ಸೇವೆಯ ಒಂಬತ್ತನೆಯ ವರ್ಷದಲ್ಲಿ ಅದನ್ನೇ ಕುರಿತು ಒಂದು ಪ್ರಬಂಧವನ್ನೂ ಪ್ರಕಟಿಸಿದರು. ಬೆಟ್ಟದ ಮೀನುಗಳು ಪ್ರತಿ ವರ್ಷ ಬಯಲಿನಿಂದಲೇ ಹೋದವು ಎಂದು ರಿಜಿಸ್ಟರು ಹೇಳುತ್ತದೆ. ಆದ್ದರಿಂದ ಎರಡೂ ಕಡೆಯದು ಒಂದೇ ರಕ್ತ. ಆದ್ದರಿಂದ ಬೆಟ್ಟದ ಮೀನಿಗೆ ಚಳಿ ರೂಢಿಯಾಗಿದೆ ಅಷ್ಟೇ, ತಳಿಯಲ್ಲಿ ವ್ಯತ್ಯಾಸವಿಲ್ಲ. ಇದು ಅದರ ಸಾರಾಂಶ. ಪ್ರಬಂಧಕ್ಕೆ ಬಹುಮಾನ ಬಂತು, ಪ್ರಶಸ್ತಿಪತ್ರಕ್ಕೆ ಚೌಕಟ್ಟು ಹಾಕಿಸಿ ಕಾರಿಡಾರಿನಲ್ಲಿ ತೂಗುಹಾಕಿದರು. ಸಂಸ್ಥೆ ಇವತ್ತಿಗೂ ಅದನ್ನು ಕೆಳಗಿಳಿಸಿಲ್ಲ, ಅದು ತಪ್ಪು ಎಂದು ಬರೆದವರೇ ಸಾರಿದ ಮೇಲೂ!

ಆ ತಪ್ಪು ಬಯಲಾದದ್ದು ಒಂದು ತೊಟ್ಟಿಯಿಂದ. ಈ ಲೇಖಕಿ ಆಗ ತಾನೇ ಸಂಶೋಧನ ವಿದ್ಯಾರ್ಥಿನಿಯಾಗಿ ಸೇರಿದ್ದಳು. ಎರಡೂ ಕಡೆಯ ಗೆಂಡೆಗಳ ಮೊಟ್ಟೆ ತಂದು, ಮರಿ ಒಡೆದ ಗಳಿಗೆಯಿಂದ ಒಂದೇ ಹದದ ನೀರಿನಲ್ಲಿ ಬೆಳೆಸಿ, ಗುರುತಿಗೆಂದು ಬೆಟ್ಟದವಕ್ಕೆ ಎಡ ಈಜುರೆಕ್ಕೆಯ ತುದಿ, ಬಯಲಿನವಕ್ಕೆ ಬಲದ ತುದಿ ಕತ್ತರಿಸಿ, ಎಲ್ಲವನ್ನೂ ಒಂದೇ ತೊಟ್ಟಿಗೆ ಬಿಟ್ಟು ನೀರನ್ನು ದಿನಕ್ಕೊಂದು ಡಿಗ್ರಿಯಂತೆ ತಣ್ಣಗೆ ಮಾಡುತ್ತ ಹೋಗುವುದು ಪ್ರಯೋಗ. ರೂಢಿಯೇ ಕಾರಣವಾಗಿದ್ದರೆ, ಚಳಿಯನ್ನೇ ಕಾಣದ ಈ ಮರಿಗಳು ಎರಡೂ ಒಂದೇ ಹೊತ್ತಿಗೆ ಸೋಲಬೇಕು. ಸಂಸ್ಥೆಯ ಐಸು ಯಂತ್ರ ಕೈಕೊಟ್ಟಿದ್ದರಿಂದ ಮೇಡಂ ಮನೆಯ ಫ್ರಿಜ್ಜಿನಲ್ಲೇ ಡಬ್ಬಿಗಟ್ಟಲೆ ಐಸು ಮಾಡಿ ಹೊತ್ತು ತರುತ್ತಿದ್ದರು. ಅವರ ಅತ್ತೆಯವರು ಹಾಲಿಡಲು ಜಾಗವಿಲ್ಲದೆ ಸಿಡಿಮಿಡಿಗೊಂಡು, “ಮೀನಿಗೆ ಐಸಿನ ಸೇವೆ, ಅತ್ತೆಗೆ ಒಡೆದ ಹಾಲು! ನಾನೂ ಆ ತೊಟ್ಟಿಗೇ ಬಂದು ಕೂತ್ಕೊಳ್ತೀನಿ, ನನ್ನ ಕಡೆಗೂ ಸ್ವಲ್ಪ ನೋಡು” ಎಂದಿದ್ದನ್ನು ಮೇಡಂ ಮರುದಿನ ನಮಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ನೀರು ಆರು ಡಿಗ್ರಿಗೆ ಇಳಿದಾಗ ಬಲರೆಕ್ಕೆ ಕತ್ತರಿಸಿದವು ಒಂದೊಂದಾಗಿ ಪಕ್ಕಕ್ಕೆ ವಾಲಿದವು. ಎಡದವು ಮೂರು ಡಿಗ್ರಿಯಲ್ಲೂ ನೆಟ್ಟಗೆ ನಿಂತಿದ್ದವು. ಎಡಬಲ ಗುರುತು ಅದಲುಬದಲಾಗಿರಬೇಕೆಂದು ಮೇಡಂ ಈ ಲೇಖಕಿಯ ಮೇಲೆ ರೇಗಿದರು. ಮತ್ತೆ ಮಾಡಿದೆವು, ಅದೇ ಫಲ. ಮೂರನೆಯ ಸಲ ರೆಕ್ಕೆಗಳನ್ನು ತಾವೇ ಕತ್ತರಿಸಿದರು, ಮತ್ತೂ ಅದೇ. ರಿಜಿಸ್ಟರಿನ ಪ್ರಕಾರ ಒಂದೇ ವರ್ಷದ ಅಂತರವಿರುವ ಒಂದೇ ತಳಿಯ ಮೀನುಗಳು ಹೀಗೆ ಬೇರೆಯಾಗಲು ಸಾಧ್ಯವೇ ಇರಲಿಲ್ಲ. ಮೇಡಂ ತಲೆ ಚಿಟ್ಟು ಹಿಡಿದವರಂತೆ ಎರಡು ದಿನ ಓಡಾಡಿ, ಮೂರನೆಯ ದಿನ ಬೆಳಿಗ್ಗೆ ತಪಾಸಣೆಯ ಸರದಿಯಿಲ್ಲದಿದ್ದರೂ ಜೀಪು ಹತ್ತಿ ಬೆಟ್ಟಕ್ಕೆ ಹೊರಟರು. ಈ ಲೇಖಕಿಯೂ ಜೊತೆಗಿದ್ದಳು.

“ಅಣ್ಣಾ, ಈ ಮೊಟ್ಟೆ ನನಗೆ ಯಾವ ಮೀನಿಂದ ತೆಗೆದುಕೊಟ್ರಿ?” ಎಂದರು.

ಕೊಳದಣ್ಣ ಟವೆಲಿನಿಂದ ಕೈ ಒರೆಸಿಕೊಂಡು, “ಬನ್ನಿ ಅಮ್ಮಾ” ಎಂದು ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ, ಬೇಲಿಗೂ ಬಂಡೆಗೂ ನಡುವೆ, ಸಂಸ್ಥೆಯ ಯಾವ ನಕ್ಷೆಯಲ್ಲೂ ಇಲ್ಲದ ಆರನೆಯ ಕೊಳವಿತ್ತು.

“ಬಂದ ಮರಿ ಎಲ್ಲಾ ಐದರಲ್ಲೇ ಬಿಡ್ತೀನಮ್ಮಾ, ಬರೆದಿದ್ದು ಸುಳ್ಳಲ್ಲ” ಎಂದರು. “ಚಳಿ ಬಂದಾಗ ಮುಕ್ಕಾಲುಪಾಲು ಸತ್ತು ತೇಲ್ತವೆ. ಅಷ್ಟು ಚಳೀಲೂ ಜೀವ ಹಿಡ್ಕೊಂಡು ಕೂತಿರೋದನ್ನ ತೆಗೆದು ಬಿಸಾಕು ಅಂದ್ರೆ ಕೈ ಬರಬೇಕಲ್ವಾ? ಅವನ್ನ ಇಲ್ಲಿಗೆ ತಂದು ಬಿಟ್ಟೆ. ಅವು ಮರಿ ಹಾಕಿದ್ವು. ಆ ಮರೀಲೂ ಚಳಿಗೆ ಸತ್ತಿದ್ದು ಸತ್ವು, ಉಳಿದಿದ್ದು ಉಳೀತು. ಇಪ್ಪತ್ತೆರಡು ವರ್ಷ ಆಯ್ತು. ತಪ್ಪಾಗಿದ್ರೆ ಹೇಳಿ, ನಾಳೇನೇ ಕೆಲಸ ಬಿಟ್ಟು ಹೋಗ್ತೀನಿ.”

ಮೇಡಂ ಕೊಳದ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಇಪ್ಪತ್ತೆರಡು ವರ್ಷವೆಂದರೆ ಗೆಂಡೆಗಳ ಎಂಟು ತಲೆಮಾರು. ಎಂಟು ತಲೆಮಾರು ಚಳಿ ತಾನೇ ಜರಡಿ ಹಿಡಿದಿತ್ತು, ಒಬ್ಬ ಮನುಷ್ಯ ಜರಡಿಯಲ್ಲಿ ಉಳಿದದ್ದನ್ನು ಚೆಲ್ಲದೆ ಕಾದಿದ್ದರು. “ಹನ್ನೊಂದು ವರ್ಷ ಇಲ್ಲಿಗೆ ಬಂದಿದ್ದೀನಲ್ಲಣ್ಣಾ! ಇಪ್ಪತ್ತೆರಡು ಸಲ ಬಂದು ಟೀ ಕುಡಿದು ಹೋಗಿದ್ದೀನಿ. ಒಂದು ಸಲನಾದ್ರೂ ಈ ಶೆಡ್ಡಿನ ಹಿಂದೆ ಬಂದು ನೋಡಿದ್ನಾ?” ಎಂದು ಅವರು ಹಣೆ ಚಚ್ಚಿಕೊಂಡದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಸುದ್ದಿ ತಲುಪಿದೊಡನೆ ಆಗಿನ ನಿರ್ದೇಶಕರು ಮೇಡಂ ಅವರನ್ನು ಕರೆಸಿಕೊಂಡರು. ಅವರ ಸಲಹೆಯಲ್ಲಿ ಬೆಣ್ಣೆಯೂ ಇತ್ತು, ಕತ್ತಿಯೂ ಇತ್ತು. ಇದನ್ನು ಸಂಸ್ಥೆಯೇ ಯೋಜಿಸಿ ನಡೆಸಿದ ಚಳಿ ತಳಿ ಕಾರ್ಯಕ್ರಮವೆಂದು ಪ್ರಕಟಿಸೋಣ, ಹಳೆಯ ಪ್ರಬಂಧದ ಸುದ್ದಿ ಎತ್ತುವುದು ಬೇಡ, ನಿಯಮ ಮೀರಿದ ಕೊಳದಣ್ಣನನ್ನು ಸದ್ದಿಲ್ಲದೆ ಮನೆಗೆ ಕಳಿಸೋಣ, ಮೇಡಂ ಅವರಿಗೆ ವಿಭಾಗದ ಮುಖ್ಯಸ್ಥರ ಹುದ್ದೆ ಕೊಡೋಣ. ಬಾಗಿಲ ಹೊರಗೆ ಕಡತ ಹಿಡಿದು ನಿಂತಿದ್ದ ಗುಮಾಸ್ತರಿಗೆ ಕೇಳಿದ್ದು ಒಂದೇ ಮಾತು.

“ಆಗಲ್ಲ ಸರ್.”

ಅದಾದ ಮೇಲೆ ಅವರು ಮಾಡಿದ ಮೊದಲ ಕೆಲಸ, ಬಹುಮಾನ ಬಂದಿದ್ದ ತಮ್ಮ ಪ್ರಬಂಧ ತಪ್ಪೆಂದು ಅದೇ ಪತ್ರಿಕೆಗೆ ತಾವೇ ಬರೆದದ್ದು. ‘ನಾನು ರಿಜಿಸ್ಟರನ್ನು ನಂಬಿ ಕೊಳವನ್ನು ನೋಡಲಿಲ್ಲ’ ಎಂಬ ಅದರ ವಾಕ್ಯವನ್ನು ನಮ್ಮ ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸಬೇಕು. ಎರಡನೆಯದಾಗಿ, ಹೊಸ ಪ್ರಬಂಧದಲ್ಲಿ ತಮ್ಮ ಹೆಸರಿಗಿಂತ ಮೊದಲು ಕೊಳದಣ್ಣನವರ ಹೆಸರನ್ನು ಹಾಕಿದರು. ಏಳನೆಯ ತರಗತಿಗೆ ಶಾಲೆ ಬಿಟ್ಟವರ ಹೆಸರು ವಿಜ್ಞಾನಿಗಿಂತ ಮುಂದೆಯೇ ಎಂದು ಎಷ್ಟೋ ಜನ ಮೂಗು ಮುರಿದರು. ಮುರಿದ ಮೂಗುಗಳು ಹಾಗೆಯೇ ಉಳಿದವು, ಹೆಸರೂ ಹಾಗೆಯೇ ಉಳಿಯಿತು. ಮೂರನೆಯದಾಗಿ, ಕೊಳದಣ್ಣನವರಿಗೆ ಬಂದ ಮೆಮೊಗೆ ತಾವೇ ಉತ್ತರ ಬರೆದರು. ನಿಯಮ ಮುರಿದವರು ಅವರು, ನೋಡಬೇಕಾದ ಕಡೆ ನೋಡದವಳು ನಾನು, ಶಿಕ್ಷೆಯಿದ್ದರೆ ಮೇಲಿನಿಂದ ಶುರುವಾಗಲಿ ಎಂದು. ಶುರುವಾಯಿತು. ಮೇಡಂ ಅವರ ಬಡ್ತಿ ಆರು ವರ್ಷ ನಿಂತಿತು, ಅವರ ಕೋಣೆ ಮೇಲಿನ ಮಹಡಿಯಿಂದ ಪಂಪುಗಳ ಪಕ್ಕಕ್ಕೆ ಬಂತು. ಕೊಳದಣ್ಣ ಮಾತ್ರ ಮೂರು ವರ್ಷದ ನಂತರ, ತಮ್ಮ ವಯಸ್ಸಿಗೆ ಸರಿಯಾಗಿ, ತಲೆಯೆತ್ತಿಕೊಂಡು ನಿವೃತ್ತರಾದರು.

ಪಂಪುಗಳ ಸದ್ದಿನ ನಡುವೆಯೇ ಮೇಡಂ ತಮ್ಮ ದೊಡ್ಡ ಕೆಲಸವನ್ನು ಮಾಡಿದರು. ಚಳಿಗೆ ಬೆಣ್ಣೆ ಗಟ್ಟಿಯಾಗುವ ಹಾಗೆ ಮೀನಿನ ಜೀವಕೋಶಗಳ ಪೊರೆಯಲ್ಲಿರುವ ಕೊಬ್ಬೂ ಗಟ್ಟಿಯಾಗುತ್ತದೆ; ಆರನೆಯ ಕೊಳದ ಗೆಂಡೆಗಳಲ್ಲಿ ಆ ಕೊಬ್ಬನ್ನು ಮೆತ್ತಗೆ ಉಳಿಸುವ ಜೀನುಗಳ ಒಂದು ಬಗೆ ಬಯಲಿನವಕ್ಕಿಂತ ಎಷ್ಟೋ ಹೆಚ್ಚಾಗಿದೆ ಎಂದು ತೋರಿಸಿದರು. ಯಾವ ಮೀನೂ ಚಳಿಯನ್ನು ಕಲಿಯಲಿಲ್ಲ, ಆ ಬಗೆ ಇಲ್ಲದವು ಸತ್ತವು, ಇದ್ದವು ಮರಿ ಹಾಕಿದವು ಎಂದು ತರಗತಿಯಲ್ಲಿ ಮೇಜು ಕುಟ್ಟಿ ಹೇಳುತ್ತಿದ್ದರು. ಅದೇ ಗೆಂಡೆ ಬಯಲಿನ ಬಿಸಿ ನೀರಿನಲ್ಲಿ ಬೆಳೆಯದೆ ಸೊರಗುತ್ತದೆ, ಬೇಗ ರೋಗಕ್ಕೆ ಸಿಗುತ್ತದೆ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಿದವರು ಅವರೇ. ಬಯಲಿನ ಸಾಕಣೆಗಾರರೊಬ್ಬರು ಈ ಹೆಸರುವಾಸಿ ಮೀನಿನ ಮರಿಯೇ ಬೇಕೆಂದು ಮೂರು ಸಲ ಬಂದರು. “ಆಗಲ್ಲ. ನಿಮ್ಮ ನೀರಿಗೆ ನಿಮ್ಮ ಮೀನೇ ಸರಿ. ಇದನ್ನ ಒಯ್ದು ನನ್ನ ಹೆಸರು ಹೇಳ್ಕೊಂಡು ಅಳಬೇಡಿ” ಎಂದು ಬರಿಗೈಯಲ್ಲಿ ಕಳಿಸಿದರು.

ಅವರ ಅಂತಃಕರಣವೂ ಈ ‘ಆಗಲ್ಲ’ದ ಒಳಗೇ ಇರುತ್ತಿತ್ತು. ಈ ಲೇಖಕಿ ಒಮ್ಮೆ ಹೀಟರಿನ ಸ್ವಿಚ್ಚು ಆರಿಸಲು ಮರೆತು ಎರಡು ವರ್ಷದ ಪ್ರಯೋಗದ ಮರಿಗಳನ್ನು ಬೇಯಿಸಿಬಿಟ್ಟಿದ್ದಳು. ಯಂತ್ರ ಕೆಟ್ಟಿತೆಂದು ಬರೆದು ಪಾರಾಗುವುದು ಸುಲಭವಿತ್ತು. “ಆಗಲ್ಲ, ಇದ್ದಿದ್ದನ್ನ ಬರಿ” ಎಂದರು ಮೇಡಂ. ‘ನನ್ನ ಮರೆವಿನಿಂದ ಸತ್ತವು’ ಎಂದು ಅಳುತ್ತ ಬರೆದದ್ದಾಯಿತು. ಅವರು ಪೆನ್ನು ಕಿತ್ತುಕೊಂಡು ಕೆಳಗೆ ‘ನೋಡಿಕೊಳ್ಳಬೇಕಿದ್ದವಳ ಮರೆವಿನಿಂದಲೂ’ ಎಂದು ಸೇರಿಸಿ ಸಹಿ ಹಾಕಿದರು. ಆ ಹಾಳೆಯನ್ನು ಇವಳು ಪದವಿ ಪತ್ರದ ಜೊತೆಯಲ್ಲೇ ಇಟ್ಟುಕೊಂಡಿದ್ದಾಳೆ.

ಇನ್ನು ಸಂಪಾದಕರು ಬದಿಗಿಡಲು ಹೇಳಿದ ಭಾಗ. ಮೇಡಂ ಅವರ ನಿವೃತ್ತಿಗೆ ಎರಡು ತಿಂಗಳಿರುವಾಗ ಸಂಸ್ಥೆ ‘ಏಕತಳಿ ಯೋಜನೆ’ಯನ್ನು ಘೋಷಿಸಿತು. ಬೇಗ ಬೆಳೆಯುವ ಒಂದೇ ಸುಧಾರಿತ ಗೆಂಡೆಯನ್ನು ಬೆಟ್ಟಕ್ಕೂ ಬಯಲಿಗೂ ಕೊಡುವುದು, ಬೆರಕೆಯಾಗದಂತೆ ಹಳೆಯದನ್ನೆಲ್ಲ ತೆಗೆದುಹಾಕುವುದು. ಬೆಟ್ಟದ ಕೇಂದ್ರದ ಎಲ್ಲ ಕೊಳಗಳನ್ನೂ ಬರಿದು ಮಾಡಬೇಕೆಂಬ ಆದೇಶಕ್ಕೆ ಇಟ್ಟ ದಿನಾಂಕ ಮೇಡಂ ನಿವೃತ್ತರಾದ ಮರುದಿನ. ಅವರಿದ್ದಾಗ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ! ಮೇಡಂ ಐದು ಪತ್ರ ಬರೆದರು, ಐದಕ್ಕೂ ಉತ್ತರ ಬರಲಿಲ್ಲ. ಆಗ ನಿಯಮಗಳ ಪುಸ್ತಕವನ್ನು ಬಿಚ್ಚಿ ಕುಳಿತು ಒಂದು ಸಾಲನ್ನು ಹುಡುಕಿ ತೆಗೆದರು: ನಮೂನೆಯಲ್ಲಿ ಅರ್ಜಿ ಕೊಟ್ಟ ಯಾವ ಸಾಕಣೆಗಾರನಿಗೂ, ಲಭ್ಯವಿದ್ದಲ್ಲಿ, ಕೇಂದ್ರ ಮರಿ ಕೊಡತಕ್ಕದ್ದು.

ಕೊನೆಯ ನಲವತ್ತು ದಿನ ಅವರು ಕಚೇರಿಯಲ್ಲಿ ಕಾಣಲೇ ಇಲ್ಲ. ಅರ್ಜಿ ನಮೂನೆಗಳ ಕಟ್ಟು ಬಗಲಿಗೇರಿಸಿ, ಎಪ್ಪತ್ತು ದಾಟಿದ ಕೊಳದಣ್ಣನವರನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಬೆಟ್ಟದ ಮೇಲಿನ ಊರೂರು ಸುತ್ತಿದರು. ಯಾವ ಕೊಳದ ನೀರು ಸರಿ ಎಂದು ಕೊಳದಣ್ಣ ಕೈಯಿಟ್ಟು ನೋಡಿ ಹೇಳುವರು, ಮೇಡಂ ಅರ್ಜಿ ಬರೆಸುವರು, ಈ ಲೇಖಕಿ ಮರಿ ಎಣಿಸಿ ಕೊಟ್ಟು ಸಹಿ ಹಾಕುವಳು. ನಲವತ್ತೊಂದು ಅರ್ಜಿ, ನಲವತ್ತೊಂದು ಕೊಳ. ಒಂದು ಅಕ್ಷರವೂ ನಿಯಮದ ಹೊರಗಿರಲಿಲ್ಲ.

ಬೀಳ್ಕೊಡುಗೆಯ ದಿನ ನಿರ್ದೇಶಕರು ಹೂಗುಚ್ಛವನ್ನೂ ಒಂದು ಗೋಡೆ ಗಡಿಯಾರವನ್ನೂ ಕೊಟ್ಟು, ಮೇಡಂ ಇನ್ನು ಮೀನಿನ ಚಿಂತೆ ಬಿಟ್ಟು ವಿಶ್ರಾಂತಿ ಪಡೆಯಲಿ ಎಂದು ಹಾರೈಸಿದರು. ಎರಡು ಮಾತಾಡಿ ಎಂದರೆ ಮೇಡಂ ನಿಜವಾಗಿಯೂ ಎರಡೇ ಮಾತಾಡಿದರು.

“ಆರು ಕೊಳ ಖಾಲಿ ಮಾಡೋಕೆ ನಿಮಗೆ ಆದೇಶ ಸಾಕು. ನಲವತ್ತೊಂದು ಕೊಳ ಈಗ ನಿಮ್ಮವಲ್ಲ, ಅವನ್ನ ಏನು ಮಾಡ್ತೀರಿ?”

ಸಭೆಯಲ್ಲಿ ಕುರ್ಚಿಗಳು ಕಿರುಗುಟ್ಟಿದವು, ವೇದಿಕೆಯ ಮೇಲಿನ ಮುಖಗಳು ಹರಳೆಣ್ಣೆ ಕುಡಿದಂತಾದವು. ಮೇಡಂ ಇಳಿದು ಹೋಗಿ ಕೊನೆಯ ಸಾಲಿನಲ್ಲಿ ಕುಳಿತಿದ್ದ ಕೊಳದಣ್ಣನವರ ಮಡಿಲಲ್ಲಿ ಗಡಿಯಾರವನ್ನಿಟ್ಟರು. “ನನಗ್ಯಾಕಮ್ಮಾ ಇದು? ಮೀನಿಗೆ ಹಸಿವಾದ್ರೆ ನನಗೆ ತಾನಾಗೇ ಗೊತ್ತಾಗುತ್ತೆ” ಎಂದ ಅವರ ಮಾತು ಇಡೀ ಸಭಾಂಗಣಕ್ಕೆ ಕೇಳಿಸಿತು.

ಮರುದಿನ ಕೊಳಗಳನ್ನು ಬರಿದು ಮಾಡಿದವಳು ಈ ಲೇಖಕಿಯೇ. ಇದನ್ನು ಮುಚ್ಚಿಡುವುದಿಲ್ಲ. ಆದೇಶವನ್ನು ಧಿಕ್ಕರಿಸುತ್ತೇನೆಂದು ಫೋನು ಮಾಡಿದಾಗ ಮೇಡಂ ಬೈದರು: “ನಿನ್ನ ಕೆಲಸ ಹೋದ್ರೆ ಆ ಕುರ್ಚೀಲಿ ಬೆಟ್ಟ ಯಾವುದು ಬಯಲು ಯಾವುದು ಅಂತ ಗೊತ್ತಿಲ್ಲದವರು ಬಂದು ಕೂರ್ತಾರೆ. ಖಾಲಿ ಮಾಡು. ಮಾಡಿ ಅಲ್ಲೇ ಇರು.” ತೂಬು ಎತ್ತಿದಾಗ ಆರನೆಯ ಕೊಳದ ತಳದ ಕೆಸರಿನಲ್ಲಿ ಹಳೆಯ ಹೆಣ್ಣು ಗೆಂಡೆಗಳು ಬಾಲ ಬಡಿದದ್ದನ್ನು ನೋಡಿ ಇವಳು ಬಿಕ್ಕಿ ಬಿಕ್ಕಿ ಅತ್ತಳು, ಕೆಲಸದವರೂ ಮುಖ ತಿರುಗಿಸಿಕೊಂಡರು. ಮುಂದಿನ ವಾರ ಸುಧಾರಿತ ಮರಿಗಳ ಲಾರಿ ಬಂತು. ಬಂದದ್ದು ಐದು ಕೊಳಕ್ಕೆ ಮಾತ್ರ, ಏಕೆಂದರೆ ಸಂಸ್ಥೆಯ ನಕ್ಷೆಯಲ್ಲಿ ಇವತ್ತಿಗೂ ಇರುವುದು ಐದೇ.

ತಿಂಗಳೊಪ್ಪತ್ತಿನಲ್ಲಿ ಒಬ್ಬ ಅಧಿಕಾರಿ ಆ ಕೊಳಗಳ ವಿಳಾಸ ಕೇಳಿಕೊಂಡು ಮೇಡಂ ಅವರ ಮನೆಗೇ ಹೋದರು. ನಲವತ್ತೊಂದು ಅರ್ಜಿಗಳನ್ನು ಮೇಡಂ ಕಟ್ಟಿ ತಮ್ಮ ಬಳಿಯೇ ಇಟ್ಟುಕೊಂಡಿದ್ದರು. ಆ ಕೊಳಗಳ ಮೀನನ್ನೂ ‘ಬದಲಿಸಿಕೊಡುವ’ ಉದಾರ ಯೋಚನೆ ಸಂಸ್ಥೆಗಿತ್ತಂತೆ. ತೊಂಬತ್ತರ ಹತ್ತಿರದ ಅತ್ತೆಯವರು ಬಾಗಿಲು ತೆರೆದು, ಬಂದ ಕಾರಣ ಕೇಳಿ, ಒಳಗೆ ಹೋಗಿ ಸೊಸೆಯನ್ನು ಕೇಳುವ ಗೋಜಿಗೂ ಹೋಗದೆ, “ಆಗಲ್ಲಪ್ಪ, ಹೋಗಿ ಬಾ” ಎಂದು ಕಳಿಸಿದರು. ಹಾಲು ಒಡೆದರೂ ಐಸಿನ ಪಕ್ಷ ಬಿಡದ ಮನೆ ಅದು.

ಆ ಮನೆಗೇ ಕಳೆದ ತಿಂಗಳು ನಲವತ್ತೆರಡನೆಯ ಅರ್ಜಿ ಹೋಯಿತು. ಮಧ್ಯಾಹ್ನದ ಹೊತ್ತು ಮೇಡಂ ಅಡುಗೆಮನೆಯ ಮೇಜಿನ ಮೇಲೆ ಅದನ್ನು ಹರಡಿಕೊಂಡು, ಕನ್ನಡಕ ಮೇಲಕ್ಕೆ ಸರಿಸಿ ಓದಿದರು. ಅರವತ್ತು ಮರಿ ಬೇಕು, ನಲವತ್ತೊಂದು ಕೊಳಗಳಲ್ಲಿ ಯಾವುದರಿಂದಾದರೂ ಸರಿ. ಅರ್ಜಿದಾರರ ಹೆಸರಿನ ಜಾಗದಲ್ಲಿ, ಎದುರಿಗೇ ಕುಳಿತಿದ್ದ ಈ ಲೇಖಕಿಯ ಹೆಸರಿತ್ತು.

“ಎಲ್ಲಿ ಬಿಡ್ತೀಯಾ?”

“ಶೆಡ್ಡಿನ ಹಿಂದೆ, ಮೇಡಂ. ಅಲ್ಲಿಗೇನೂ ಬಿಡಬೇಡ ಅಂತ ಯಾವ ಆದೇಶದಲ್ಲೂ ಇಲ್ಲ.”

ಮೇಡಂ ಅರ್ಜಿಯನ್ನು ಮಡಚಿ, ಇಪ್ಪತ್ತಕ್ಕೂ ಹೆಚ್ಚು ವರ್ಷದಲ್ಲಿ ಇವಳು ಅವರ ಬಾಯಿಂದ ಒಮ್ಮೆಯೂ ಕೇಳದ ಮಾತನ್ನಾಡಿದರು.

“ಆಗಲಿ. ಆದ್ರೆ ರಿಜಿಸ್ಟರಿನಲ್ಲಿ ಬರಿ. ಅಣ್ಣನ ಹಾಗೆ ಬಚ್ಚಿಡಬೇಡ, ನನ್ನ ಹಾಗೆ ನೋಡದೆ ಇರಬೇಡ.”

ಬರೆದದ್ದಾಗಿದೆ. ರಿಜಿಸ್ಟರಿನಲ್ಲಿ ಬರೆದರೆ ಕಚೇರಿಯವರಷ್ಟೇ ನೋಡಿಯಾರು. ಆದ್ದರಿಂದ ಈ ಅಭಿನಂದನ ಸಂಪುಟದಲ್ಲೂ, ಮೇಡಂ ಅವರ ಭಾವಚಿತ್ರ ಅಚ್ಚಾಗುವ ಪುಸ್ತಕದಲ್ಲೇ, ಬರೆದಿಡಲಾಗಿದೆ. ಸಂಪಾದಕರು ಈ ಭಾಗವನ್ನು ಕತ್ತರಿಸುವುದಾದರೆ ಇಡೀ ಲೇಖನವನ್ನೇ ಹಿಂದಿರುಗಿಸಬೇಕೆಂದು ವಿನಂತಿ. ಮೆಮೊ ಕಳಿಸುವವರು ಬೆಟ್ಟದ ಕೇಂದ್ರದ ವಿಳಾಸಕ್ಕೇ ಕಳಿಸಬಹುದು, ಉಸ್ತುವಾರಿಯವರು ಕೆಲಸದ ದಿನಗಳಲ್ಲಿ ಅಲ್ಲೇ ಇರುತ್ತಾರೆ.

ಮೇಡಂ ಅವರಿಗೆ ದೀರ್ಘಾಯುಷ್ಯವಿರಲಿ. ಅವರು ಇನ್ನೂ ಹಲವು ಚಳಿಗಾಲಗಳನ್ನು ಕಾಣಲಿ, ಒಂದೊಂದೂ ಕಡುಚಳಿಯದೇ ಆಗಿರಲಿ, ಪ್ರತಿ ಚಳಿ ಕಳೆದ ಮೇಲೂ ಬೆಟ್ಟ ಹತ್ತಿ ಬಂದು, ಟೀ ಕುಡಿಯುವ ಮೊದಲು, ನೇರವಾಗಿ ಶೆಡ್ಡಿನ ಹಿಂದಕ್ಕೆ ನಡೆಯಲಿ. ರಿಜಿಸ್ಟರು ಅಲ್ಲೇ ಮೊಳೆಗೆ ತೂಗುಹಾಕಿರುತ್ತದೆ: ‘ಆರನೆಯ ಕೊಳ. ಗೆಂಡೆ ಮರಿ ಅರವತ್ತು. ಬಿಟ್ಟಾಯಿತು. ತಳಿಯ ಮೂಲ: ಕೊಳದಣ್ಣ.’ ಅದರ ಕೆಳಗೆ ಮೇಡಂ ಅವರ ಸಹಿಗೆಂದು ಜಾಗ ಬಿಟ್ಟಿದೆ.